ಕೇಳಿದರೆ ಮಾತ್ರ ಹೇಳುವ ರೋಗಿ

ಫಾರ್ಮಸಿ ವಿದ್ಯಾರ್ಥಿಗಳಿಗೆ ರೋಗಿಗಳ ಜೊತೆ ಮಾತಾಡುವುದನ್ನು ಕಲಿಸುವುದು ನನ್ನ ಕೆಲಸ. ಔಷಧಿಯ ಹೆಸರು, ಪ್ರಮಾಣ, ಅಡ್ಡಪರಿಣಾಮ ಎಲ್ಲವೂ ಇವರಿಗೆ ಬಾಯಿಪಾಠ. ಆದರೆ ಎದುರಿಗೆ ಯಾರಾದರೂ ಕೂತರೆ ಮಾತೇ ಹೊರಡುವುದಿಲ್ಲ. ತರಬೇತಿ ಪಡೆದವರನ್ನು ರೋಗಿಯ ಪಾತ್ರದಲ್ಲಿ ಕೂರಿಸುವ ಪದ್ಧತಿ 1960ರ ದಶಕದಿಂದಲೂ ಇದೆ. ತುಂಬಾ ಒಳ್ಳೆಯದು. ಆದರೆ ಒಬ್ಬೊಬ್ಬರಿಗೆ ಸಿಗುವ ಸರದಿ ಕಮ್ಮಿ.

ರೋಗಿಯ ಪಾತ್ರವನ್ನು ಚಾಟ್‌ಬಾಟ್‌ಗೆ ಕೊಟ್ಟರೆ ಸರದಿ ಕಾಯಬೇಕಿಲ್ಲ. ಅದಕ್ಕೇ ವಿದ್ಯಾರ್ಥಿಗಳು ಇದನ್ನು ಬೇಗ ಒಪ್ಪಿಕೊಂಡರು. ಹೊಸ ತಂತ್ರಜ್ಞಾನವನ್ನು ಜನ ಒಪ್ಪಲು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಕಾರಣ ಹೇಳಿದ್ದರು: ಉಪಯೋಗಕ್ಕೆ ಬರುತ್ತದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು. ನನ್ನ ತರಗತಿಯಲ್ಲಿ ಮೂರನೆಯದೂ ಕಾಣುತ್ತದೆ. ತಪ್ಪು ಮಾಡಿದರೂ ಯಾರೂ ನೋಡುತ್ತಿಲ್ಲ ಎಂಬ ಧೈರ್ಯ. ಸಂಕೋಚದ ಮಕ್ಕಳಿಗೆ ಇದು ಜಾಸ್ತಿ ಬೇಕು.

ಆದರೆ ಇಷ್ಟವಾಯಿತು ಅಂದ ಮಾತ್ರಕ್ಕೆ ಕಲಿತಂತೆ ಆಗುವುದಿಲ್ಲವಲ್ಲ. ಒಬ್ಬ ವಿದ್ಯಾರ್ಥಿನಿ ಚಾಟ್‌ಬಾಟ್ ಜೊತೆ ಮೆಥೊಟ್ರೆಕ್ಸೇಟ್ ಬಗ್ಗೆ ಅಭ್ಯಾಸ ಮಾಡುತ್ತಿದ್ದಳು. ಸಂಧಿವಾತಕ್ಕೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತಗೊಂಡರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಅವಳು ಚೆನ್ನಾಗಿಯೇ ವಿವರಿಸಿದಳು. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಿದಳು. "ಆಯ್ತು, ತುಂಬಾ ಚೆನ್ನಾಗಿ ಹೇಳಿದ್ರಿ" ಅಂತ ಉತ್ತರ ಬಂತು. ಅವಳಿಗೆ ಖುಷಿ, ನನಗೆ ಚಿಂತೆ. ಇಷ್ಟು ಸುಲಭವಾಗಿ ಒಪ್ಪುವ ರೋಗಿಯಿಂದ ಏನು ಕಲಿಯುವುದು?

ಚಾಟ್‌ಬಾಟ್‌ಗೆ ಕೊಟ್ಟ ಸೂಚನೆಯನ್ನು ಬದಲಾಯಿಸಿದೆ. "ನಿನಗೆ 68 ವರ್ಷ. ಬಿ.ಪಿ. ಮಾತ್ರೆ ದಿನಾ ಬೆಳಿಗ್ಗೆ ತಗೊಳ್ಳುತ್ತೀಯ. ಹೊಸದನ್ನೂ ಅದರ ಜೊತೆಗೇ ತಗೊಳ್ಳೋಣ ಅಂದುಕೊಂಡಿದ್ದೀಯ. ನೋವಿಗೆ ಆಗಾಗ ಐಬುಪ್ರೊಫೆನ್ ನುಂಗುತ್ತೀಯ. ಇದನ್ನೆಲ್ಲ ಕೇಳಿದರೆ ಮಾತ್ರ ಹೇಳು."

ಮತ್ತೆ "ಅರ್ಥ ಆಯ್ತಾ?" ಕೇಳಿದಳು. "ಹೂಂ" ಅಂತ ಬಂತು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಟೈಪ್ ಮಾಡಿದಳು: "ಮನೆಗೆ ಹೋದ ಮೇಲೆ ಇದನ್ನು ಹೇಗೆ ತಗೊಳ್ತೀರಿ, ಒಂದ್ಸಲ ಹೇಳ್ತೀರಾ?"

"ಬಿ.ಪಿ. ಮಾತ್ರೆ ಜೊತೆಗೆ."

"ಯಾವ ದಿನ?"

"ದಿನಾ, ಅಲ್ವಾ?"

ರೋಗಿಯ ಬಾಯಿಂದಲೇ ವಾಪಸ್ ಹೇಳಿಸುವುದು ಯಾಕೆ ಅಂತ ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ಅವಳಿಗೆ ತಾಗಿದ್ದು ಆವತ್ತು. ಐಬುಪ್ರೊಫೆನ್ ವಿಷಯ ಮಾತ್ರ ಕೇಳದೆ ಬಿಟ್ಟಿದ್ದಳು. ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದನ್ನು ಅದು ನಿಧಾನ ಮಾಡಬಲ್ಲದು. "ಬೇರೆ ಏನಾದರೂ ಔಷಧಿ ತಗೊಳ್ತೀರಾ?" ಅನ್ನುವ ಪ್ರಶ್ನೆ ಈಗ ಅವಳ ನೋಟ್ಸಿನ ಮೊದಲ ಸಾಲು.

ಆ ಸಂಭಾಷಣೆಗಳನ್ನೆಲ್ಲ ನಾನು ಕೂತು ಓದುತ್ತೇನೆ. ಚಾಟ್‌ಬಾಟ್ ತಪ್ಪು ಪ್ರಮಾಣವನ್ನೂ ಸರಿಯಾದದ್ದನ್ನು ಹೇಳುವಷ್ಟೇ ಧೈರ್ಯದಿಂದ ಹೇಳಿಬಿಡಬಲ್ಲದು. ನಿಜವಾದ ರೋಗಿಯ ವಿವರವನ್ನು ಅದಕ್ಕೆ ಹಾಕುವಂತಿಲ್ಲ, ಇದರಲ್ಲಿ ರಿಯಾಯಿತಿಯೇ ಇಲ್ಲ. ಇನ್ನು ಒತ್ತಿ ಬಳಸುವ ಇನ್ಹೇಲರ್. ಅಲುಗಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು, ನಿಧಾನವಾಗಿ ಎಳೆಯುತ್ತಲೇ ಒತ್ತಬೇಕು, ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು. ಒತ್ತುವ ಬೆರಳು ಒಂದು ಕ್ಷಣ ತಡವಾದದ್ದು ಟೈಪ್ ಮಾಡಿದ ಮಾತಿನಲ್ಲಿ ಕಾಣುವುದಿಲ್ಲ.

ಮೊನ್ನೆ ಅದೇ ಹುಡುಗಿ ಬಂದು, "ಕಿವಿ ಸರಿಯಾಗಿ ಕೇಳದ ರೋಗಿಯನ್ನು ಮಾಡಿಕೊಡ್ತೀರಾ ಸರ್?" ಅಂದಳು. ಅದಕ್ಕೆ ನಾನೇ ಎದುರು ಕೂರುತ್ತೇನೆ ಅಂದೆ.