ಪದ ಪರಿಚಯ: ಜೀರ್ಣೋದ್ಧಾರ

ಉದ್ಯಾನದ ಕಟ್ಟೆಯ ಮೇಲೆ ನಿಲ್ಲಿಸಿ, ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಕಪ್ಪು ಬಣ್ಣ ಬಳಿದ ಉಗಿ ಎಂಜಿನ್ನಿನ ಚಿತ್ರದ ಕೆಳಗೆ ‘ಜೀರ್ಣೋದ್ಧಾರಗೊಂಡ ಎಂಜಿನ್’ ಎಂಬ ಅಡಿಬರಹವನ್ನು ಈ ತಿಂಗಳಲ್ಲಿ ಮೂರನೆಯ ಸಲ ಓದಿದೆ. ಹಳೆಯ ರೈಲುಗಳ ಕುರಿತ ಅದೇ ಬಗೆಯ ಬರಹಗಳಲ್ಲಿ ಹಳೆಯ ನಿಲ್ದಾಣದ ಹೆಂಚು ಕಿತ್ತು ತಗಡು ಹೊದಿಸುವುದು ‘ಸಂರಕ್ಷಣೆ’ ಎನಿಸಿಕೊಳ್ಳುತ್ತದೆ. ಎರಡೂ ಪದಗಳನ್ನು ಅದಲುಬದಲು ಮಾಡಿ ಬಳಸುವವರಿಗೆ ಎರಡರ ಅರ್ಥವೂ ಬೇಕಾಗಿಲ್ಲವೆಂದೇ ತೋರುತ್ತದೆ.

ಮೊದಲು ಕಾಗುಣಿತ: ಫಲಕಗಳಲ್ಲಿ ಕಾಣುವ ‘ಜೀರ್ಣೋದ್ದಾರ’ ತಪ್ಪು, ಒತ್ತಕ್ಷರ ಮಹಾಪ್ರಾಣ. ಜೀರ್ಣವೆಂದರೆ ಸವೆದದ್ದು, ಹಳತಾದದ್ದು. ಉಂಡ ಅನ್ನ ಜೀರ್ಣವಾಗುವುದೂ ಅದೇ ಧಾತುವಿನಿಂದಲೇ. ಉದ್ಧಾರವೆಂದರೆ ಮೇಲಕ್ಕೆತ್ತುವುದು, ‘ಉದ್ಧಾರ ಆದ ಹಾಗೇ!’ ಎಂದು ಮೂಗು ಮುರಿಯುವಾಗ ನಾವು ಆ ಅರ್ಥವನ್ನು ಮರೆತಿರುತ್ತೇವೆ, ಅಷ್ಟೆ. ಪದದ ನಿಜವಾದ ಬಳಕೆ ತಿಳಿಯಬೇಕಾದರೆ ಕನ್ನಡ ಶಾಸನಗಳನ್ನು ನೋಡಬೇಕು. ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ, ನೈವೇದ್ಯಗಳ ಜೊತೆಯಲ್ಲೇ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕಂ’ ಎಂದು ಭೂಮಿ ಬಿಟ್ಟಿರುವುದು ಮತ್ತೆ ಮತ್ತೆ ಕಾಣುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಮುರಿದ ಕಲ್ಲನ್ನು ಕೂರಿಸಿ, ಬಿರುಕನ್ನು ಮುಚ್ಚಿ, ಗುಡಿಯಲ್ಲಿ ಪೂಜೆ ನಿಲ್ಲದಂತೆ ನೋಡಿಕೊಳ್ಳುವ ಈ ಕೆಲಸವನ್ನು ನಿತ್ಯದ ನೈವೇದ್ಯದಷ್ಟೇ ಖಾಯಂ ಖರ್ಚೆಂದು ಲೆಕ್ಕ ಹಾಕಿದ್ದರು. ಗುಡಿ ಕೆಡವಿ ಗ್ರಾನೈಟ್ ಹಾಸುವುದಕ್ಕೆ ಆ ಪದ ಹೊಂದುವುದಿಲ್ಲ.

ಓಡುವ ಉಗಿ ಎಂಜಿನ್ನಿಗೆ ಬೇಕಾದದ್ದು ಶಾಸನದ ಈ ಅರ್ಥದ ಜೀರ್ಣೋದ್ಧಾರವೇ. ನೀಲಗಿರಿಯ ಮೀಟರ್ ಗೇಜ್ ಮಾರ್ಗದಲ್ಲಿ ಮೆಟ್ಟುಪಾಳಯಂನಿಂದ ಕೂನೂರಿನವರೆಗೆ ಇಂದಿಗೂ ಎಕ್ಸ್ ವರ್ಗದ ಉಗಿ ಎಂಜಿನ್ನು ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಕಲ್ಲಾರ್ ದಾಟಿದ ಮೇಲೆ 12 ಅಡಿಗೆ 1 ಅಡಿಯ ಏರು ಬರುತ್ತದೆ. ಅಲ್ಲಿ ಎಂಜಿನ್ನಿನ ಹಲ್ಲುಚಕ್ರಗಳು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಹತ್ತುತ್ತವೆ. ಉಗಿಯ ಬಲದಿಂದ ಚಕ್ರಗಳನ್ನು ತಿರುಗಿಸುವ ಮೇಲಿನ ಎರಡು ಸಿಲಿಂಡರುಗಳಾಗಲಿ ಕೆಳಗಿನ ಎರಡಾಗಲಿ, ದುಡಿದಂತೆಲ್ಲ ಸವೆಯುವುದೇ ಅವುಗಳ ಧರ್ಮ. ಬಾಯ್ಲರಿನೊಳಗೆ ಬೆಂಕಿಗೂಡಿನ ಬಿಸಿಗಾಳಿ ಹಾಯುವ ಕೊಳವೆಗಳ ಮೇಲೆ ನೀರಿನ ಸುಣ್ಣ ಪದರ ಕಟ್ಟುತ್ತದೆ, ಕೊಳವೆ ತೆಳುವಾಗುತ್ತದೆ, ಅದನ್ನು ಹೊರಗೆಳೆದು ಹೊಸದನ್ನು ಹೊಡೆದು ಕೂರಿಸಬೇಕಾಗುತ್ತದೆ. ಹಳೆಯ ಕೊಳವೆಯನ್ನೇ ‘ಸಂರಕ್ಷಿಸುತ್ತೇವೆ’ ಎಂದು ಹೊರಟರೆ ಎಂಜಿನ್ನು ಬೆಟ್ಟ ಹತ್ತುವುದಿಲ್ಲ, ಬಾಯ್ಲರ್ ಸಿಡಿಯುತ್ತದೆ. 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾಗಿ, ದೆಹಲಿಯ ಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ನಿಂತಿದ್ದು, 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿದ ‘ಫೇರಿ ಕ್ವೀನ್’ ಕೂಡ ಜೀರ್ಣೋದ್ಧಾರವಾದ ಎಂಜಿನ್ನೇ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್ನುಗಳದು ಸಂರಕ್ಷಣೆ. ಅವನ್ನು ಓಡಿಸುವ ಉದ್ದೇಶವೇ ಇಲ್ಲದಿರುವಾಗ ಇದ್ದ ಲೋಹ ಇದ್ದಂತೆ ಉಳಿದರೆ ಸಾಕು.

ನಿಲ್ದಾಣದ ಮಾತು ಬೇರೆ. ಅದೇ ನೀಲಗಿರಿ ಮಾರ್ಗದ ಲವ್‌ಡೇಲ್, ಕೇತಿಯಂಥ ಸಣ್ಣ ನಿಲ್ದಾಣಗಳ ಬೆಲೆ ಇರುವುದು ಅವುಗಳ ಮೂಲ ಸಾಮಗ್ರಿಯಲ್ಲಿ. ಕಿಟಕಿಯ ಚೌಕಟ್ಟಿನ ಕೆಳತುದಿ ಮಳೆಗೆ ಕೊಳೆತಿದ್ದರೆ ಅಷ್ಟನ್ನು ಮಾತ್ರ ಕತ್ತರಿಸಿ ಅದೇ ಜಾತಿಯ ಮರ ಕೂರಿಸುವುದು ಸಂರಕ್ಷಣೆ. ಇಡೀ ಕಿಟಕಿಯನ್ನು ಕಿತ್ತು ಅಲ್ಯೂಮಿನಿಯಂ ಹಾಕುವುದು ನವೀಕರಣ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತದೆ. ‘ನವೀಕರಣ’ದಲ್ಲಿರುವ ಆ ದೀರ್ಘ ‘ವೀ’ ಸಂಸ್ಕೃತ ವ್ಯಾಕರಣದ ಚ್ವಿ ಪ್ರತ್ಯಯದ ಗುರುತು: ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವುದು ಎಂದರ್ಥ. ಹಳೆಯದು ಹಳೆಯದಾಗಿಯೇ ಉಳಿಯಬೇಕಾದ ಕಡೆ ಆ ಪದವನ್ನು ಹೊಗಳಿಕೆಯಾಗಿ ಬಳಸುವುದು ವಿಚಿತ್ರ.

ಇನ್ನೊಂದು ಗೊಂದಲ ಉಳಿಯಿತು. ನೀಲಗಿರಿಯ ಹಳೆಯ ಎಂಜಿನ್ನುಗಳು ತೀರ ಸವೆದುದರಿಂದ ತಿರುಚ್ಚಿಯ ಪೊನ್ಮಲೈ ಕಾರ್ಯಾಗಾರದಲ್ಲಿ 2011ರಿಂದೀಚೆಗೆ ಅದೇ ನಮೂನೆಯ, ಎಣ್ಣೆ ಉರಿಸುವ ಎಂಜಿನ್ನುಗಳನ್ನು ಕಟ್ಟಿದರು. ಇವನ್ನೂ ‘ಜೀರ್ಣೋದ್ಧಾರ’ದ ಲೆಕ್ಕಕ್ಕೆ ಸೇರಿಸಿ ಬರೆಯುವವರಿದ್ದಾರೆ. ಜೀರ್ಣವಾದದ್ದೇ ಇಲ್ಲದ ಮೇಲೆ ಎತ್ತುವುದೇನನ್ನು? ಅವು ಹಳೆಯ ನಮೂನೆಯ ಹೊಸ ಎಂಜಿನ್ನುಗಳು. ಹಾಗೆಂದೇ ಬರೆದರೆ ಅವುಗಳ ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ.