ಊರ ಕೋಳಿಯ ಮರಿ: ಹುಂಜವೋ ಹೇಂಟೆಯೋ?

ಮಳೆಗಾಲ ಶುರುವಾದ ವಾರ ಬ್ರಹ್ಮಾವರದ ಕಡೆಯ ಮಹಿಳೆಯೊಬ್ಬರು ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ವಾರ ತುಂಬಿದ ಹನ್ನೆರಡು ಊರ ಕೋಳಿಯ ಮರಿಗಳು. "ಡಾಕ್ಟರೇ, ಹನ್ನೆರಡೂ ಹೇಂಟೆ ಎಂದು ಹೇಳಿ ಕೊಟ್ಟಿದ್ದಾರೆ. ಒಮ್ಮೆ ನೋಡಿ." ಅದಕ್ಕಾಗಿ ಮರಿಯೊಂದಕ್ಕೆ ಹೆಚ್ಚು ದುಡ್ಡನ್ನೂ ಕೊಟ್ಟಿದ್ದರು. ನಾನು ಒಂದೊಂದನ್ನೇ ಅಂಗೈಯಲ್ಲಿಟ್ಟು ನೋಡಿದೆ, ಪೆಟ್ಟಿಗೆಗೆ ಬಿಟ್ಟೆ. "ಅಕ್ಕ, ಇದರಲ್ಲಿ ಹೇಂಟೆ ಎಷ್ಟೆಂದು ಈಗ ನನಗೂ ಹೇಳಲು ಬರುವುದಿಲ್ಲ. ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ" ಎಂದೆ. ಅವರ ಮುಖ ಸಪ್ಪಗಾಯಿತು. ಹೆಚ್ಚು ಹಣ ತೆತ್ತು ಹೀಗೆ ಮೋಸ ಹೋಗುವವರನ್ನು ವರ್ಷವಿಡೀ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಮೊಟ್ಟೆ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ ಎಂಬ ಮಾತು ನಮ್ಮಲ್ಲಿ ಇಂದಿಗೂ ಇದೆ. ಆದರೆ ಒಂದು ಕೋಳಿ ಇಡುವ ಮೊಟ್ಟೆಗಳ ಆಕಾರ ಸಾಮಾನ್ಯವಾಗಿ ಒಂದೇ ರೀತಿ ಇರುತ್ತದೆ. ಅದೇ ಕೋಳಿಯ ಹಿಂದೆ ಅಂಗಳದಲ್ಲಿ ಗಂಡು, ಹೆಣ್ಣು ಎರಡೂ ಓಡಾಡುತ್ತಿರುತ್ತವಲ್ಲ! ಕೋಳಿಗಳಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತು ಬರುವುದು ತಾಯಿಯಿಂದ. ಕಾವಿಗೆ ಇಡುವ ಮೊದಲೇ ಅದು ತೀರ್ಮಾನವಾಗಿರುತ್ತದೆ. 21 ದಿನದ ಕಾವಿನ ಬಿಸಿ ಅದನ್ನು ಬದಲಿಸುವುದಿಲ್ಲ. ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ತೂಗಿಸುವುದಕ್ಕೂ ಯಾವ ಆಧಾರವೂ ಇಲ್ಲ.

ಹಾಗಾದರೆ ದೊಡ್ಡ ಹ್ಯಾಚರಿಗಳಲ್ಲಿ ಮೊದಲ ದಿನವೇ ಬೇರ್ಪಡಿಸುತ್ತಾರಲ್ಲ ಎಂದು ಕೇಳುತ್ತಾರೆ. ನಿಜ. ಮರಿಯ ಗುದದ್ವಾರವನ್ನು ಮೆಲ್ಲನೆ ಬಿಡಿಸಿ, ಒಳಗಿನ ಸಾಸಿವೆಗಿಂತ ಸಣ್ಣ ಗುಬುಟನ್ನು ನೋಡಿ ಹೇಳುವ ವಿದ್ಯೆ ಜಪಾನಿನಲ್ಲಿ 1920ರ ದಶಕದಲ್ಲಿ ರೂಪುಗೊಂಡಿತು. ಕೆಲವು ಹೆಣ್ಣು ಮರಿಗಳಲ್ಲೂ ಆ ಗುಬುಟು ಇರುವುದರಿಂದ ಸಾವಿರಾರು ಮರಿ ನೋಡಿ ಪಳಗಿದ ಕಣ್ಣೇ ಬೇಕು. ದಯವಿಟ್ಟು ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಉಳಿದಿರುತ್ತದೆ. ಹೆಬ್ಬೆರಳು ಸ್ವಲ್ಪ ಜೋರಾಗಿ ಒತ್ತಿದರೆ ಆ ಚೀಲ ಒಡೆದು ಮರಿ ಸಾಯುತ್ತದೆ. ಹಾಗೆ ಸತ್ತ ಮರಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ ಹುಡುಗನೊಬ್ಬನ ಮುಖ ನನಗೆ ಇನ್ನೂ ನೆನಪಿದೆ.

ಇನ್ನೊಂದು ರೆಕ್ಕೆಯ ಲೆಕ್ಕ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಈಗ ಎಲ್ಲರೂ ಮರಿಯ ರೆಕ್ಕೆ ಬಿಡಿಸುತ್ತಾರೆ: ಕೆಳಸಾಲಿನ ಗರಿ ಮೇಲಿನ ಸಾಲಿಗಿಂತ ಉದ್ದವಿದ್ದರೆ ಹೆಣ್ಣು, ಎರಡೂ ಸಮವಿದ್ದರೆ ಗಂಡು. ಬೇಗ ಗರಿ ಬಿಡುವ ಹುಂಜಕ್ಕೆ ನಿಧಾನವಾಗಿ ಗರಿ ಬಿಡುವ ಹೇಂಟೆಯನ್ನು ಉದ್ದೇಶಪೂರ್ವಕವಾಗಿ ಜೋಡಿ ಮಾಡಿದ ತಳಿಗಳಲ್ಲಿ ಮಾತ್ರ, ಅದೂ ಮೊದಲ ಒಂದೆರಡು ದಿನಗಳಲ್ಲಿ, ಈ ಲೆಕ್ಕ ಸರಿ. ನಿಮ್ಮ ಹಿತ್ತಿಲ ಹೇಂಟೆ ಯಾವ ಮನೆಯ ಹುಂಜದ ಜೊತೆ ಕೂಡಿತೋ ಯಾರಿಗೆ ಗೊತ್ತು? ಅಂಥ ಮರಿಗೆ ರೆಕ್ಕೆ ನೋಡಿ ಹೇಳುವುದೂ ನಾಣ್ಯ ಚಿಮ್ಮುವುದೂ ಒಂದೇ.

ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳ ಬಗ್ಗೆಯೂ ಒಂದು ಮಾತು. ಅವು ಹೆಚ್ಚಾಗಿ ಮೊಟ್ಟೆ ತಳಿಯ ಹ್ಯಾಚರಿಗಳು ಬೇಡವೆಂದು ಬೇರ್ಪಡಿಸಿದ ಗಂಡು ಮರಿಗಳು. ಅಂಥ ಗಂಡು ಮರಿಗಳನ್ನು ಕೊಲ್ಲುವುದನ್ನು ಜರ್ಮನಿ 2022ರ ಜನವರಿಯಿಂದ ನಿಷೇಧಿಸಿದೆ. ಮಕ್ಕಳು ಹಟ ಹಿಡಿದರೂ ಬಣ್ಣದ ಮರಿ ಕೊಳ್ಳಬೇಡಿ. ತಾಯಿಯ ಕಾವಿಲ್ಲದೆ, ಬೆಚ್ಚಗಿಡಲು ಬಲ್ಬ್ ಇಲ್ಲದೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಊರ ಕೋಳಿಗೆ ಇರುವ ದಾರಿ ಕಾಯುವುದೊಂದೇ. ಐದಾರು ವಾರಕ್ಕೆ ಹುಂಜದ ಜುಟ್ಟು ಅಗಲವಾಗಿ ಕೆಂಪೇರುತ್ತದೆ, ಕೊಕ್ಕಿನ ಕೆಳಗಿನ ಜೋಲು ಕಾಣಿಸುತ್ತದೆ, ಕಾಲು ದಪ್ಪವಾಗುತ್ತದೆ. ಹೇಂಟೆಯ ಜುಟ್ಟು ಇನ್ನೂ ತೆಳುವಾಗಿ, ಹಳದಿ ಮಿಶ್ರಿತ ಬಣ್ಣದಲ್ಲೇ ಇರುತ್ತದೆ. ಒಂದೇ ಕಾವಿನ ಮರಿಗಳನ್ನು ಮಾತ್ರ ಹೋಲಿಸಿ. ಬೇಗ ಬೆಳೆಯುವ ಗಿರಿರಾಜ ತಳಿಯ ಪಕ್ಕ ಊರ ಕೋಳಿಯನ್ನು ನಿಲ್ಲಿಸಿದರೆ ಕಣ್ಣು ದಾರಿ ತಪ್ಪುತ್ತದೆ. ಕಡಕ್‌ನಾಥ್ ಎಂಬ ಕಪ್ಪು ತಳಿಯಲ್ಲಿ ಜುಟ್ಟೇ ಕಪ್ಪು, ಕೆಂಪಿಗಾಗಿ ಕಾದರೆ ಪ್ರಯೋಜನವಿಲ್ಲ. ನಮ್ಮ ತುಳುನಾಡಿನ ತೊಡಕೆಂದರೆ ಅಂಕದ ಕೋಳಿಯ, ಅಂದರೆ ಕಾಳಗದ ಕೋಳಿಯ ರಕ್ತ. ಕಾಳಗದ ತಳಿಯಾದ ಅಸೀಲ್ ಬೆರೆತ ಮರಿಗಳಿಗೆ ಹುಂಜವಾದರೂ ಜುಟ್ಟು ಚಿಕ್ಕದು, ತಲೆಗೆ ಅಂಟಿಕೊಂಡಂತಿರುತ್ತದೆ. ಪೆರಡೆ (ತುಳುವಿನಲ್ಲಿ ಹೇಂಟೆ) ಎಂದು ನಂಬಿ ಸಾಕಿದ್ದು ಒಂದು ಬೆಳಿಗ್ಗೆ ಪೂಂಜೆಯಾಗಿ (ಹುಂಜವಾಗಿ) ಕೂಗುವುದು ಇಂಥ ಮನೆಗಳಲ್ಲೇ.

ಚೌತಿ ಕಳೆದ ಮೇಲೆ ಅದೇ ಮಹಿಳೆ ಮತ್ತೆ ಬಂದರು. ಹನ್ನೆರಡರಲ್ಲಿ ಒಂದನ್ನು ಮುಂಗುಸಿ ಒಯ್ದಿತ್ತು. ಆರು ಹುಂಜ, ನಾಲ್ಕು ಹೇಂಟೆ ಎಂದು ಅವರೇ ಗುರುತಿಸಿದ್ದರು. ಉಳಿದ ಒಂದನ್ನು ಕಂಕುಳಲ್ಲಿ ಅವುಚಿಕೊಂಡು ತಂದಿದ್ದರು. ಜುಟ್ಟು ಹೆಸರುಕಾಳಿನ ಸಾಲಿನಷ್ಟೇ. "ಇದಾದರೂ ಹೇಂಟೆಯಲ್ಲವೇ?" ಎಂದರು. ಕೋಳಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಬಾಲದ ಬುಡಕ್ಕಿಂತ ಸ್ವಲ್ಪ ಮುಂದೆ, ಸೊಂಟದ ಮೇಲಿನ ಗರಿಗಳನ್ನು ಬೆರಳಿನಿಂದ ಬಿಡಿಸಿದೆ. ಹೇಂಟೆಯಾಗಿದ್ದರೆ ಅಲ್ಲಿನ ಗರಿಯ ತುದಿ ಉಗುರಿನಂತೆ ದುಂಡಗಿರುತ್ತದೆ. ಇಲ್ಲಿ ಹಳೆಯ ಗರಿಗಳ ನಡುವಿನಿಂದ ಮೂರು ಹೊಸ ಗರಿ ಇಣುಕುತ್ತಿದ್ದವು: ಸಪೂರ, ಹೊಳಪು, ತುದಿ ಚೂಪು. ಅವರ ಬೆರಳನ್ನೂ ಅಲ್ಲಿಗೇ ಒಯ್ದು ಮುಟ್ಟಿಸಿದೆ.

"ಹುಂಜ" ಎಂದರು ಅವರೇ.