ಎರಡನೇ ಟವರ್‌ಗೆ ಎರಡನೇ ದಾರಿಯೂ ಬೇಕು

ಬೆಂಗಳೂರು ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿ ಹೊಗೆ ಕಾಣಿಸಿತು ಅಂದುಕೊಳ್ಳಿ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು ಹೆಡ್‌ಸೆಟ್ ಕಳಚಿಟ್ಟು ಕೆಳಗಿಳಿಯಲೇಬೇಕು. ಆದರೆ ದೇವನಹಳ್ಳಿಯ ಎರಡು ರನ್‌ವೇಗಳತ್ತ ಬರುತ್ತಿರುವ ವಿಮಾನಗಳು ಬಸ್ಸಿನ ಹಾಗೆ ಪಕ್ಕಕ್ಕೆ ನಿಲ್ಲುವುದಿಲ್ಲ ಅಲ್ವಾ? ಸುತ್ತು ಹೊಡೆಯಬೇಕು, ಇಲ್ಲವೇ ಚೆನ್ನೈಗೋ ಹೈದರಾಬಾದಿಗೋ ತಿರುಗಬೇಕು.

ಇಂಥ ಹೊತ್ತಿಗೆ ಡಿಜಿಟಲ್ ರಿಮೋಟ್ ಟವರ್ ಎರಡನೇ ಟವರ್ ಆಗಿ ಆಸರೆಯಾಗಬಲ್ಲದು. ನಿಲ್ದಾಣದಲ್ಲಿ ಕಂಬದ ಮೇಲೆ ಕ್ಯಾಮೆರಾಗಳು, ದೂರದ ಕೋಣೆಯಲ್ಲಿ ಗೋಡೆಯುದ್ದದ ಪರದೆ. ಸ್ವೀಡನ್ 2015ರಲ್ಲೇ ಒಂದು ಸಣ್ಣ ನಿಲ್ದಾಣವನ್ನು ಹೀಗೆ ನಡೆಸಲು ಶುರುಮಾಡಿತು. ಲಂಡನ್ ಸಿಟಿ ನಿಲ್ದಾಣ 2021ರಲ್ಲಿ ಪೂರ್ತಿ ಇದಕ್ಕೇ ಬದಲಾಯಿತು. ಅಲ್ಲಿ 50 ಮೀಟರ್ ಕಂಬ, 16 ಕ್ಯಾಮೆರಾ. ಕಂಟ್ರೋಲರ್‌ಗಳು ಕೂರುವುದು ದೂರದ ಸ್ವಾನ್‌ವಿಕ್‌ನಲ್ಲಿ. ಹೀಥ್ರೂ ಅಂತೂ 2009ರಲ್ಲೇ ಬ್ಯಾಕಪ್‌ಗೆಂದು ಕಿಟಕಿಯೇ ಇಲ್ಲದ ಕೋಣೆ ಮಾಡಿಕೊಂಡಿತ್ತು.

ನಾನು ಸಂಪರ್ಕ ವ್ಯವಸ್ಥೆಯ ಎಂಜಿನಿಯರ್. ಪರದೆ ಎಷ್ಟು ದೊಡ್ಡದು ಅಂತ ಆಮೇಲೆ ನೋಡುತ್ತೇನೆ, ಮೊದಲು ಕೇಳುವುದು ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ ಅಂತ. ವರ್ಷಗಳ ಹಿಂದೆ ಬೆಂಗಳೂರಿನಲ್ಲೇ ಒಂದು ಕಡೆ ಎರಡು ಕಂಪನಿಗಳಿಂದ ಎರಡು ಫೈಬರ್ ಲೈನ್ ತೆಗೆದುಕೊಂಡಿದ್ದೆವು. ದುಡ್ಡೂ ಡಬಲ್. ಒಂದು ಸಂಜೆ ಚರಂಡಿ ಅಗೆಯುತ್ತಿದ್ದ ಜೆಸಿಬಿ ಹಲ್ಲು ತಾಗಿತು, ಎರಡೂ ಒಟ್ಟಿಗೇ ಸತ್ತವು. ಹೋಗಿ ನೋಡಿದರೆ ಕೆಸರಿನಲ್ಲಿ ಎರಡು ಪೈಪು ಮೈಗೆ ಮೈ ತಾಗಿಸಿಕೊಂಡು ಬಿದ್ದಿದ್ದವು, ಬಾಯಿಂದ ಕೂದಲಿನಂಥ ಎಳೆಗಳು ಹೊರಗೆ ಬಂದಿದ್ದವು. ಕಾಗದದಲ್ಲಿ ಎರಡು ಲೈನ್, ನೆಲದಡಿ ಒಂದೇ ದಾರಿ. ಆ ಗುಂಡಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಲಂಡನ್ ಸಿಟಿಯ ಚಿತ್ರ ಮೂರು ಬೇರೆ ಬೇರೆ ಫೈಬರ್ ಜಾಲಗಳಲ್ಲಿ ಹೋಗುತ್ತದೆ. ನಮ್ಮಲ್ಲೂ ಎಲ್ಲವೂ ಬಳ್ಳಾರಿ ರಸ್ತೆಯ ಒಂದೇ ಬದಿಯಲ್ಲಿ ಓಡಕೂಡದು. ಕರೆಂಟು ಬೇರೆ, ರೇಡಿಯೋ ಬೇರೆ ಇರಬೇಕು. ಟವರ್ ಜೊತೆಗೇ ಕೆಟ್ಟುಹೋಗುವುದನ್ನು ಬ್ಯಾಕಪ್ ಅಂತ ಹೇಗೆ ಕರೆಯೋಣ?

ಇನ್ನೊಂದು ಮಾತು ಕಣ್ಣಿನದು. ಪರದೆಯಲ್ಲಿ ಎಲ್ಲವೂ ಚಪ್ಪಟೆ, ಯಾವ ವಿಮಾನ ಹತ್ತಿರ, ಯಾವುದು ದೂರ ಅನ್ನುವ ಅಂದಾಜು ಬದಲಾಗುತ್ತದೆ. ದುರ್ಬೀನು ಹಿಡಿದ ಕೈ ಜೂಮ್ ಕ್ಯಾಮೆರಾಗೆ ಒಗ್ಗಬೇಕು. ಶಾಖವನ್ನು ಗುರುತಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಕತ್ತಲಲ್ಲಿ ತುಂಬಾ ಉಪಯೋಗ, ಆದರೆ ಜನವರಿ ಬೆಳಗಿನ ದಟ್ಟ ಮಂಜನ್ನು ಅದೂ ಪೂರ್ತಿ ಸೀಳುವುದಿಲ್ಲ. ಹಾಗಾಗಿ ಕೋಣೆಗೆ ಬೀಗ ಹಾಕಿಟ್ಟು ಸುಮ್ನೆ ಕೂರಬಾರದು. ವಿಮಾನಗಳು ಕಡಿಮೆ ಇರುವ ಹೊತ್ತು ನೋಡಿ, ಟವರ್‌ನಲ್ಲಿ ಇನ್ನೊಂದು ತಂಡವನ್ನು ಸಿದ್ಧವಾಗಿ ಕೂರಿಸಿ, ಆ ದೂರದ ಕೋಣೆಯಿಂದಲೇ ನಿಜವಾದ ಶಿಫ್ಟ್ ನಡೆಸಬೇಕು. ಅದಕ್ಕೂ ಮೊದಲು ಯಾರಾದರೂ ಒಬ್ಬರು ಆ ಕೇಬಲ್ ಹೋಗುವ ದಾರಿಯುದ್ದಕ್ಕೂ ನಡೆದು, ಒಂದೊಂದೇ ಮ್ಯಾನ್‌ಹೋಲ್ ತೆಗೆದು ನೋಡಿಕೊಂಡು ಬರಬೇಕು.